ದೂರಿಗೆ ಆರು ತಿಂಗಳು, ಬಿರುಕಿಗೆ ಮೂವತ್ತು ವರ್ಷ

ಚೆಂಬೂರಿನ ಹೋಟೆಲು ಮಾಲೀಕರು ನಾಲ್ಕು ಜನ ಸೇರಿದಲ್ಲಿ 'ತ್ರೀ ಫಿಫ್ಟಿವನ್ ಬಂದಿದೆ' ಎಂದು ಒಬ್ಬರು ಹೇಳಿದರೆ ಉಳಿದ ಮೂವರು ಅದೇನು ಎಂದು ಕೇಳುವುದಿಲ್ಲ. ಎಷ್ಟು ದಿನ ಉಳಿದಿದೆ ಎಂದಷ್ಟೇ ಕೇಳುತ್ತಾರೆ. 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 351ನೇ ಕಲಮಿನಡಿ ಬರುವ ನೋಟಿಸು ಅದು. ಅಡುಗೆಮನೆಯ ಹಿಂದೆ ಇಳಿಸಿದ ತಗಡಿನ ಮಾಡು, ಕೆಲಸದ ಹುಡುಗರು ಮಲಗಲೆಂದು ಮಾಡಿದ ಅಟ್ಟ, ಫುಟ್‌ಪಾತಿನತ್ತ ಒಂದಡಿ ಚಾಚಿದ ಮೆಟ್ಟಿಲು, ಯಾವುದಕ್ಕೂ ಬರಬಹುದು. ಅನುಮತಿಯಿಲ್ಲದೆ ಕಟ್ಟಿದ್ದನ್ನು ಏಕೆ ಕೆಡವಬಾರದು ಎಂಬುದಕ್ಕೆ ಏಳು ದಿನದೊಳಗೆ ಕಾರಣ ಕೊಡಬೇಕು. ಕೆಲಸ ಇನ್ನೂ ನಡೆಯುತ್ತಿದ್ದರೆ ಬರುವುದು 354ಎ; ಅದಕ್ಕೆ 24 ಗಂಟೆ. ಆಮೇಲೆ ವಕೀಲರನ್ನು ಹುಡುಕುವುದು, ಹಳೇ ಲೈಸೆನ್ಸು, ಕರೆಂಟ್ ಬಿಲ್ಲು, ಅಸೆಸ್‌ಮೆಂಟ್ ಪುಸ್ತಕದ ನಕಲಿಗಾಗಿ ಕಪಾಟು ತಡಕಾಡುವುದು. 1962ರ ಏಪ್ರಿಲ್ 1ಕ್ಕೂ ಮುಂಚೆ ಇತ್ತೆಂದು ತೋರಿಸಿದರೆ ವ್ಯಾಪಾರದ ಜಾಗ ಬಚಾವು. ಮನೆಗಳಿಗೆ ಆ ದಿನಾಂಕ 1964ರ ಏಪ್ರಿಲ್ 17. ಪಾಲಿಕೆ ಇಂಥವನ್ನು 'ಸಹಿಸಿಕೊಂಡ' ಕಟ್ಟಡಗಳೆಂದು ಕರೆಯುತ್ತದೆ. ಒಪ್ಪಿದ್ದಲ್ಲ, ಸಹಿಸಿಕೊಂಡದ್ದು. ಸರ್ಕಾರಿ ಭಾಷೆ ಇಷ್ಟು ಪ್ರಾಮಾಣಿಕವಾಗಿರುವುದು ಅಪರೂಪ.

ಕಟ್ಟಿದವರ ತಲೆಯ ಮೇಲಿನ ಈ ಗಡಿಯಾರ ಮುಂಬಯಿಗೆ ಚೆನ್ನಾಗಿ ಗೊತ್ತು. ದೂರು ಕೊಡುವವರ ತಲೆಯ ಮೇಲೂ ಒಂದು ಗಡಿಯಾರ ತೂಗುತ್ತಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಕಾಯ್ದೆಯ 527ನೇ ಕಲಂ ಹೇಳುವುದು ಇಷ್ಟು: ಪಾಲಿಕೆಯ ಅಥವಾ ಅದರ ಅಧಿಕಾರಿಯ ಕೆಲಸದ ಬಗ್ಗೆ, ಕರ್ತವ್ಯದಲ್ಲಿ ತೋರಿದ ಅಲಕ್ಷ್ಯ ಅಥವಾ ಲೋಪದ ಬಗ್ಗೆ ದಾವೆ ಹೂಡಬೇಕಾದರೆ ಮೊದಲು ಲಿಖಿತ ನೋಟಿಸು ಕೊಟ್ಟು ಒಂದು ತಿಂಗಳು ಕಾಯಬೇಕು, ಮತ್ತು ದಾವೆಗೆ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಹೂಡಬೇಕು. ಸಾಲ ವಸೂಲಿಗೆ, ಕರಾರು ಮುರಿದದ್ದಕ್ಕೆ ಈ ದೇಶದ ಸಾಮಾನ್ಯ ಕಾಲಮಿತಿ ಮೂರು ವರ್ಷ. ಪಕ್ಕದ ಮನೆಯವನಿಗೆ ಕೊಟ್ಟ ಕೈಸಾಲ ಕೇಳಲು ಮೂರು ವರ್ಷ ಸಿಗುತ್ತದೆ, ಪಕ್ಕದ ಮನೆಯ ಕಂಬ ಒಡೆಯುವಾಗ ಸುಮ್ಮನಿದ್ದ ಪಾಲಿಕೆಯನ್ನು ಕೇಳಲು ಆರೇ ತಿಂಗಳು.

ಈ ಆರು ತಿಂಗಳು ನೆಲದ ಮೇಲೆ ಹೇಗೆ ಕರಗುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. 1970ರ ದಶಕದಲ್ಲಿ ಕಟ್ಟಿದ ನಾಲ್ಕು ಮಹಡಿಯ ಸೊಸೈಟಿ, ಚೆಂಬೂರಿನ ಒಳರಸ್ತೆಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿರುವಂಥದ್ದು. ಕೆಳಗೆ ಅಂಗಡಿ. ಅಂಗಡಿ ಕೈಬದಲಾಗಿ, ಹೊಸಬರು ಎರಡು ಗಾಳೆಗಳನ್ನು ಒಂದು ಮಾಡಲು ರಾತ್ರಿ ಹೊತ್ತು ನಡುಗೋಡೆ ಒಡೆಸುತ್ತಾರೆ. ಮೂರನೇ ಮಹಡಿಯ ನಿವೃತ್ತ ಬ್ಯಾಂಕ್ ನೌಕರರಿಗೆ ಸದ್ದು ಕೇಳಿಸುತ್ತದೆ. ಅವರು ಸೊಸೈಟಿಯ ಸೆಕ್ರೆಟರಿಯನ್ನು ಕೇಳಿದರೆ 'ನಮ್ಮೂರ ಕಡೆಯವನೇ ಮಾರಾಯ್ರೆ, ಯಾಕೆ ಸುಮ್ಮನೆ' ಎಂಬ ಉತ್ತರ. 1916ಕ್ಕೆ ಫೋನ್ ಮಾಡಿದರೆ ದೂರಿನ ನಂಬರು ಸಿಗುತ್ತದೆ. ಚೆಂಬೂರಿನ ವಾರ್ಡ್ ಆಫೀಸಿನಲ್ಲಿ ಬಿಲ್ಡಿಂಗ್ ಆಂಡ್ ಫ್ಯಾಕ್ಟರಿ ವಿಭಾಗಕ್ಕೆ ಅರ್ಜಿ ಹೋಗುತ್ತದೆ. ಜೂನಿಯರ್ ಎಂಜಿನಿಯರ್ ಬಂದಾಗ ಅಂಗಡಿಗೆ ಬೀಗ. ಎರಡನೇ ಸಲ ಬಂದಾಗ ಒಳಗೆಲ್ಲ ಪ್ಲೈವುಡ್, ಮೇಲೆ ಪಿಒಪಿ, ಕಂಬ ಎಲ್ಲಿತ್ತೆಂದು ಗೊತ್ತಾಗದಂತೆ ಲ್ಯಾಮಿನೇಟು. 'ಒಳಾಂಗಣ ದುರಸ್ತಿ ಮಾತ್ರ ಕಂಡುಬಂದಿದೆ' ಎಂದು ಬರೆದು ದೂರು ಮುಗಿಸಿದರೆ ಅದು ಸುಳ್ಳೂ ಅಲ್ಲ, ಕಂಡದ್ದು ಅಷ್ಟೇ. ಎರಡು ಮಳೆಗಾಲ ಕಳೆದ ಮೇಲೆ ಮೂರನೇ ಮಹಡಿಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ತೊಲೆಯ ಕೆಳಗೆ ಓರೆ ಬಿರುಕು. ಆಗ ಅವರು ಪಾಲಿಕೆಯ ಲೋಪದ ಬಗ್ಗೆ ನ್ಯಾಯಾಲಯಕ್ಕೆ ಹೋದರೆ ಎದುರು ಪಕ್ಷದ ವಕೀಲರು ಎತ್ತುವ ಮೊದಲ ಆಕ್ಷೇಪ ಬಿರುಕಿನ ಬಗ್ಗೆ ಇರುವುದಿಲ್ಲ, ತಾರೀಕಿನ ಬಗ್ಗೆ ಇರುತ್ತದೆ. ನಿಮ್ಮ ದೂರು ಮುಗಿಸಿದ್ದು ಯಾವಾಗ? ಅಲ್ಲಿಂದ ಆರು ತಿಂಗಳು ಎಣಿಸಿ.

ಉಳಿದ ಬಾಗಿಲುಗಳೂ ಇದೇ ಅಳತೆಯವು. ಕಾಯ್ದೆಯಡಿಯ ಅಪರಾಧಗಳಿಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಹೋಗಬೇಕಾದ ಗಡುವನ್ನು 514ನೇ ಕಲಂ ಹೇಳುತ್ತದೆ. ಅದೂ ತಿಂಗಳ ಲೆಕ್ಕದ ಗಡುವೇ. ಮಹಾರಾಷ್ಟ್ರದ 1971ರ ಲೋಕಾಯುಕ್ತ ಕಾಯ್ದೆಯಡಿ ಆಡಳಿತದ ಬಗೆಗಿನ ಕುಂದುಕೊರತೆಗೆ, ವಿಷಯ ತಿಳಿದ ದಿನದಿಂದ 12 ತಿಂಗಳು. ಹೈಕೋರ್ಟಿನ ರಿಟ್ ಅರ್ಜಿಗೆ ಅಂಕಿಯಲ್ಲಿ ಬರೆದ ಮಿತಿ ಇಲ್ಲ, ಆದರೆ 'ಇಷ್ಟು ದಿನ ಎಲ್ಲಿದ್ದಿರಿ' ಎಂಬ ಪ್ರಶ್ನೆ ಅಲ್ಲೂ ಮೊದಲೇ ಬರುತ್ತದೆ. ಅಲ್ಲಿಗೆ ಹೋಗುವ ಖರ್ಚು ಪಿಂಚಣಿಯಲ್ಲಿ ಬದುಕುವವರ ಕೈಗೆಟುಕುವಂಥದ್ದೂ ಅಲ್ಲ.

ಇಷ್ಟರಲ್ಲಿ ಪಾಲಿಕೆಗೆ ಯಾವ ಗಡುವಿದೆ? ಒಂದಿದೆ, ಮತ್ತು ಅದು ಯಾರ ಪರ ಎಂಬುದನ್ನು ನೋಡಬೇಕು. ಕಾಯ್ದೆಯ 345ನೇ ಕಲಮಿನ ಪ್ರಕಾರ, ಕಟ್ಟಡ ಕಟ್ಟುವ ಸೂಚನೆ ಕೊಟ್ಟವರಿಗೆ 30 ದಿನದೊಳಗೆ ಕಮಿಷನರು ಅಸಮ್ಮತಿ ತಿಳಿಸದಿದ್ದರೆ ಅವರು ಕೆಲಸ ಶುರುಮಾಡಬಹುದು. ಅಂದರೆ ಕಟ್ಟುವವರ ಅರ್ಜಿಗೆ ಕಚೇರಿಯ ಮೌನವೇ ಒಪ್ಪಿಗೆ. ಮುಂಬಯಿಯಲ್ಲಿ ಕಟ್ಟಡದ ಅನುಮತಿ ಪತ್ರಕ್ಕೆ ಇವತ್ತಿಗೂ 'ಅಸಮ್ಮತಿಯ ಸೂಚನೆ' ಎಂಬ ವಿಚಿತ್ರ ಹೆಸರು ಉಳಿದಿರುವುದು ಇದೇ ವ್ಯವಸ್ಥೆಯಿಂದ. ಇಂಥಿಂಥ ಷರತ್ತು ಪೂರೈಸುವವರೆಗೆ ಅಸಮ್ಮತಿ, ಪೂರೈಸಿದರೆ ಮುಂದುವರಿಯಿರಿ ಎಂದು ಅದರ ಅರ್ಥ. ಬಿಲ್ಡರುಗಳು ಅದನ್ನು ಐಒಡಿ ಎಂದು ಕರೆದು ಫ್ರೇಮು ಹಾಕಿಸುತ್ತಾರೆ. ಇರಲಿ. ದೂರು ಕೊಟ್ಟವರ ವಿಷಯಕ್ಕೆ ಬಂದರೆ ಇದೇ ಮೌನಕ್ಕೆ ಯಾವ ಅರ್ಥವೂ ಇಲ್ಲ. 30 ದಿನ ಉತ್ತರ ಬರದಿದ್ದರೆ ದೂರು ಒಪ್ಪಿದಂತೆ ಎಂದು ಯಾವ ಕಲಮೂ ಹೇಳುವುದಿಲ್ಲ, ಕೆಲಸ ತಾನಾಗಿ ನಿಲ್ಲುವುದೂ ಇಲ್ಲ. ಕಚೇರಿ ಸುಮ್ಮನಿದ್ದಷ್ಟು ದಿನ ಕಟ್ಟಿದವರ ಗೋಡೆ ಒಣಗುತ್ತದೆ, ದೂರುದಾರರ ಆರು ತಿಂಗಳು ಸವೆಯುತ್ತದೆ.

ನ್ಯಾಯದ ದೃಷ್ಟಿಯಿಂದ ಕಾಲಮಿತಿಯೇ ಬೇಡ ಎಂದು ವಾದಿಸುವುದು ಸುಲಭ, ಆದರೆ ತಪ್ಪು. ಕಾಲಮಿತಿಗೆ ಕಾರಣಗಳಿವೆ. 20 ವರ್ಷದ ಹಿಂದೆ ಸಹಿ ಹಾಕಿದ ಎಂಜಿನಿಯರು ನಿವೃತ್ತರಾಗಿರುತ್ತಾರೆ, ಕೆಲವರು ತೀರಿಕೊಂಡಿರುತ್ತಾರೆ. ನಕ್ಷೆಗಳು 2005ರ ಜುಲೈ 26ರ ನೆರೆಯಂಥದ್ದರಲ್ಲಿ ನೆನೆದು ಹೋಗಿರುತ್ತವೆ. ತಪ್ಪು ಮಾಡಿದ ಮಾಲೀಕ ಮಾರಿ ಹೋಗಿ, ಸಾಲ ಮಾಡಿ ಕೊಂಡ ಮೂರನೆಯವರು ಒಳಗೆ ಸಂಸಾರ ಹೂಡಿರುತ್ತಾರೆ. ಇದೆಲ್ಲಕ್ಕಿಂತ ಮುಂಬಯಿಯಲ್ಲಿ ದೊಡ್ಡದು, ದೂರನ್ನೇ ದಂಧೆ ಮಾಡಿಕೊಂಡವರ ಕಾಟ. ಹೋಟೆಲು ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ: ಮಾಹಿತಿ ಹಕ್ಕಿನಲ್ಲಿ ಹಳೇ ನಕ್ಷೆ ತೆಗೆಸುವುದು, ಅಟ್ಟದ ಫೋಟೋ ತೆಗೆಯುವುದು, ದೂರಿನ ನಕಲನ್ನು ಗಲ್ಲಾದ ಮೇಲಿಟ್ಟು 'ಶೆಟ್ರೇ, ಏನು ಮಾಡೋಣ' ಎನ್ನುವುದು. ಈ ಕಸುಬಿನವರಿಗೆ ಕೊನೆಯೇ ಇಲ್ಲದ ಗಡುವು ಸಿಕ್ಕರೆ ಪ್ರತಿ ಅಟ್ಟವೂ ಒಂದು ಬ್ಯಾಂಕ್ ಖಾತೆಯಾದೀತು. 1962, 1964ರ ದಿನಾಂಕಗಳನ್ನು ಹಾಕಿದ್ದರಲ್ಲಿ ಈ ವಿವೇಕವೂ ಇದೆ. ಒಂದು ಹಂತದ ನಂತರ ಊರು ತನ್ನ ಹಳೆಯ ತಪ್ಪುಗಳ ಜೊತೆ ಬದುಕಲು ಕಲಿಯಬೇಕು.

ಆದರೆ ಅಟ್ಟ ಬೇರೆ, ಕಂಬ ಬೇರೆ. ಕಣ್ಣಿಗೆ ಕಾಣುವ ಉಲ್ಲಂಘನೆ ಬೇರೆ, ಗಾರೆಯೊಳಗೆ ಹೂತುಹೋದ ಲೋಪ ಬೇರೆ. ಈಗಿನ ಕಾಲಮಿತಿಯ ಮುಖ್ಯ ದೋಷ ಅದು ಚಿಕ್ಕದಾಗಿರುವುದಲ್ಲ. ಎಲ್ಲಿಂದ ಎಣಿಸಬೇಕು ಎಂಬುದನ್ನು ಕಟ್ಟಡದ ಸ್ವಭಾವ ನೋಡದೆ ಹೇಳಿರುವುದು. 'ಕಾರಣ ಹುಟ್ಟಿದ ದಿನ' ಎಂಬ ಮಾತು ಚರಂಡಿ ಒಡೆದದ್ದಕ್ಕೆ, ಬೀದಿಯಲ್ಲಿ ಬಿದ್ದು ಕಾಲು ಮುರಿದದ್ದಕ್ಕೆ ಸರಿಹೋಗುತ್ತದೆ. ಕಾಂಕ್ರೀಟಿನೊಳಗೆ ಕಡಿಮೆ ಹಾಕಿದ ಕಬ್ಬಿಣ ಯಾವ ದಿನ ಕಾರಣ ಹುಟ್ಟಿಸಿತು?

ಇಂಗ್ಲೆಂಡಿನವರು ಈ ಪ್ರಶ್ನೆಯನ್ನು ಐವತ್ತು ವರ್ಷ ಎಳೆದಾಡಿದ್ದಾರೆ. ನಮ್ಮ ಪಾಲಿಕೆ ಕಾನೂನುಗಳ ಅಚ್ಚು ಅಲ್ಲಿಂದಲೇ ಬಂದದ್ದರಿಂದ ಆ ಕತೆ ಇಲ್ಲಿಗೂ ಬೇಕು. ಲಂಡನ್ನಿನ ಮರ್ಟನ್‌ನಲ್ಲಿ 1962ರಲ್ಲಿ ಕಟ್ಟಿದ ಫ್ಲಾಟುಗಳ ಗೋಡೆಗಳಲ್ಲಿ 1970ರಲ್ಲಿ ಬಿರುಕು ಬಿಟ್ಟಿತು. ಅಡಿಪಾಯ ನಕ್ಷೆಯಲ್ಲಿದ್ದಷ್ಟು ಆಳ ಹೋಗಿರಲಿಲ್ಲ, ಸ್ಥಳೀಯ ಕೌನ್ಸಿಲ್ಲು ಸರಿಯಾಗಿ ತಪಾಸಣೆ ಮಾಡಲಿಲ್ಲ ಎಂಬುದು ನಿವಾಸಿಗಳ ದೂರು. 1977ರಲ್ಲಿ ಹೌಸ್ ಆಫ್ ಲಾರ್ಡ್ಸ್ ಎರಡು ಮಾತು ಹೇಳಿತು: ತಪಾಸಣೆಯಲ್ಲಿ ಅಲಕ್ಷ್ಯ ಮಾಡಿದ ಕೌನ್ಸಿಲ್ಲು ಹೊಣೆಯಾಗಬಹುದು; ಗಡಿಯಾರ ಶುರುವಾಗುವುದು ಕಟ್ಟಿದ ದಿನದಿಂದಲ್ಲ, ವಾಸಿಸುವವರ ಆರೋಗ್ಯಕ್ಕೆ ಅಥವಾ ಸುರಕ್ಷತೆಗೆ ಅಪಾಯ ಎದುರಾದಾಗಿನಿಂದ. ಮೊದಲ ಮಾತನ್ನು ಅದೇ ನ್ಯಾಯಪೀಠ 1990ರಲ್ಲಿ ಮರ್ಫಿ ಪ್ರಕರಣದಲ್ಲಿ ಹಿಂದಕ್ಕೆ ಪಡೆಯಿತು. ಎರಡನೆಯ ಮಾತಿನ ತಿರುಳು ಮಾತ್ರ ಬೇರೆ ದಾರಿಯಲ್ಲಿ ಕಾನೂನಾಗಿ ಉಳಿಯಿತು. ಅಡಗಿದ ಹಾನಿಯ ಬಗೆಗಿನ 1986ರ ಕಾಯ್ದೆ, ಹಾನಿ ಗೊತ್ತಾದ ದಿನದಿಂದ ಮೂರು ವರ್ಷ ಕೊಟ್ಟು, ಅಲಕ್ಷ್ಯ ನಡೆದ ದಿನದಿಂದ 15 ವರ್ಷಕ್ಕೆ ಅಂತಿಮ ಗೆರೆ ಎಳೆಯಿತು. ಗೊತ್ತಾಗುವವರೆಗೆ ಗಡಿಯಾರ ನಿಲ್ಲುತ್ತದೆ, ಆದರೆ ಶಾಶ್ವತವಾಗಿ ಅಲ್ಲ. ಸ್ಥಳೀಯ ಆಡಳಿತದ ಓಂಬುಡ್ಸ್‌ಮನ್‌ಗೆ ದೂರು ಕೊಡುವ 12 ತಿಂಗಳೂ ವಿಷಯ ತಿಳಿದ ದಿನದಿಂದಲೇ ಶುರು. ತಕ್ಕ ಕಾರಣವಿದ್ದರೆ ಅದನ್ನೂ ಸಡಿಲಿಸಬಹುದು.

ಅಲ್ಲಿಯ ಕೌನ್ಸಿಲ್ಲುಗಳು ದೇವಲೋಕದಿಂದ ಇಳಿದವಲ್ಲ. 2017ರ ಜೂನ್ 14ರಂದು ಗ್ರೆನ್‌ಫೆಲ್ ಗೋಪುರ ಹೊತ್ತಿ 72 ಜನ ಸತ್ತ ಮೇಲೆಯೇ ಅಲ್ಲೂ ಕಣ್ಣು ತೆರೆದದ್ದು. ಅಲ್ಲಿಯವರೆಗೆ ಕಟ್ಟಡ ನಿಯಮ ಮುರಿದ ಕೆಲಸವನ್ನು ಕೆಡವಿಸಲು ಕೌನ್ಸಿಲ್ಲಿಗೆ ಇದ್ದ ಅವಧಿ, ಕೆಲಸ ಮುಗಿದ ದಿನದಿಂದ 12 ತಿಂಗಳು ಮಾತ್ರ. 2022ರ ಕಾಯ್ದೆಯ ನಂತರ, 2023ರ ಅಕ್ಟೋಬರಿನಿಂದ, ಅದು 10 ವರ್ಷ. ವಾಸಕ್ಕೆ ಯೋಗ್ಯವಲ್ಲದ ಮನೆ ಕಟ್ಟಿಕೊಟ್ಟವರ ಮೇಲಿನ ದಾವೆಗೆ ಇದ್ದ ಆರು ವರ್ಷ ಮುಂದಿನವರಿಗೆ 15 ಆಯಿತು, ಹಿಂದೆ ಕಟ್ಟಿದ ಮನೆಗಳ ಮಟ್ಟಿಗೆ 30 ವರ್ಷದಷ್ಟು ಹಿಂದಕ್ಕೆ ಹೋಯಿತು. ಸತ್ತವರ ಲೆಕ್ಕ ಹಿಡಿದು ಕಾಲಮಿತಿಯನ್ನು ತಿದ್ದಿದ್ದು ಹೆಮ್ಮೆಯ ಮಾತೇನಲ್ಲ. ತಿದ್ದಿದರು ಎಂಬುದಷ್ಟೇ ಗಮನಿಸಬೇಕಾದದ್ದು.

ಮುಂಬಯಿಯಲ್ಲಿ ಸತ್ತವರ ಲೆಕ್ಕಕ್ಕೆ ಕೊರತೆ ಇಲ್ಲ. ಚೆಂಬೂರಿನ ನೆರೆಯ ಘಾಟ್ಕೋಪರದಲ್ಲಿ 2017ರ ಜುಲೈ 25ರಂದು ಸಿದ್ಧಿ ಸಾಯಿ ಎಂಬ ನಾಲ್ಕು ಮಹಡಿಯ ಕಟ್ಟಡ ಕುಸಿದು 17 ಜನ ಸತ್ತರು. ಕೆಳಮಹಡಿಯಲ್ಲಿದ್ದ ನರ್ಸಿಂಗ್ ಹೋಮಿನ ಜಾಗದಲ್ಲಿ ನಡೆಯುತ್ತಿದ್ದ ಒಡೆಯುವ ಕೆಲಸದತ್ತ ನಿವಾಸಿಗಳು ಬೆರಳು ತೋರಿಸಿದರು. ಇನ್ನೊಂದು ಮಗ್ಗುಲಿನ ಕುರ್ಲಾದ ನಾಯಕ್ ನಗರದಲ್ಲಿ 2022ರ ಜೂನ್ 27ರ ರಾತ್ರಿ ಬಿದ್ದ ಕಟ್ಟಡದಲ್ಲಿ 19 ಜನ. ಆ ಕಟ್ಟಡಕ್ಕೆ ಪಾಲಿಕೆ ವರ್ಷಗಳ ಹಿಂದೆಯೇ ನೋಟಿಸು ಕೊಟ್ಟಿತ್ತು. ಖಾಲಿ ಮಾಡಿ ಕೆಡವಬೇಕಾದ ಸಿ-1 ವರ್ಗದಲ್ಲಿದ್ದದ್ದು, ಆಮೇಲೆ ಬಂದ ಇನ್ನೊಂದು ತಪಾಸಣಾ ವರದಿಯ ಬಲದಿಂದ, ದುರಸ್ತಿ ಮಾಡಿದರೆ ಸಾಕೆನ್ನುವ ಸಿ-2ಕ್ಕೆ ಇಳಿದಿತ್ತು. ನೋಟಿಸು ಕೊಟ್ಟವರಿಗೆ ಅದನ್ನು ಮುಗಿಸಬೇಕಾದ ದಿನಾಂಕವೊಂದು ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಈಗ ಉತ್ತರ ಸಿಗುವುದಿಲ್ಲ.

ನೋಟಿಸು ಕೊಟ್ಟು ಮಲಗುವ ಈ ಅಭ್ಯಾಸದ ದೊಡ್ಡ ಉದಾಹರಣೆ ವರ್ಲಿಯ ಕ್ಯಾಂಪಾ ಕೋಲಾ ಕಾಂಪೌಂಡ್. ಐದಾರು ಮಹಡಿಗೆ ಅನುಮತಿ ಇದ್ದಲ್ಲಿ 1980ರ ದಶಕದಲ್ಲಿ ಕಟ್ಟುತ್ತ ಹೋಗಿ ಒಂದು ಕಟ್ಟಡ 20 ಮಹಡಿ ಮುಟ್ಟಿತು, ಇನ್ನೊಂದು 17. ಕೆಲಸ ನಿಲ್ಲಿಸಿ ಎಂಬ 354ಎ ನೋಟಿಸು 1984ರಲ್ಲೇ ಹೋಗಿತ್ತು. ಕೆಡವುವ 351ರ ನೋಟಿಸು ಹೋದದ್ದು 2005ರಲ್ಲಿ. ನಡುವಿನ 21 ವರ್ಷದಲ್ಲಿ ಮಹಡಿಗಳು ಎದ್ದವು, ಫ್ಲಾಟುಗಳು ಮಾರಾಟವಾದವು, ಮಕ್ಕಳು ಹುಟ್ಟಿ ಕಾಲೇಜಿಗೆ ಹೋದರು. 2013ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟು ನಿವಾಸಿಗಳ ಅರ್ಜಿ ತಿರಸ್ಕರಿಸಿತು. ಟಿವಿಯಲ್ಲಿ ಅಳುತ್ತಿದ್ದವರನ್ನು ಕಂಡು ದೇಶ ಎರಡು ಪಾಲಾಯಿತು. ಅನುಕಂಪ ಒಂದು ಕಡೆ, 'ಗೊತ್ತಿದ್ದೇ ಕೊಂಡರಲ್ಲ' ಎಂಬುದು ಇನ್ನೊಂದು ಕಡೆ. 1984ರಿಂದ 2005ರವರೆಗೆ ಆ ಕಡತ ಯಾರ ಮೇಜಿನ ಮೇಲಿತ್ತು ಎಂದು ಕೇಳುವ ಮೂರನೆಯ ಪಾಲಿಗೆ ಜನ ಸಿಗಲಿಲ್ಲ. ಹಾಗೆ ಕೇಳುವವರಿಗೆ ಕೊಟ್ಟಿದ್ದ ಆರು ತಿಂಗಳು ಯಾವತ್ತೋ ಮುಗಿದುಹೋಗಿತ್ತು.

ಸುಪ್ರೀಂ ಕೋರ್ಟು ಈಗ ಒಂದು ಹೆಜ್ಜೆ ಮುಂದೆ ಬಂದಿದೆ. ಮೀರತ್‌ನ ಪ್ರಕರಣವೊಂದರಲ್ಲಿ 2024ರ ಡಿಸೆಂಬರ್ 17ರಂದು ಕೊಟ್ಟ ತೀರ್ಪಿನಲ್ಲಿ, ಅಧಿಕಾರಿಗಳು ತಡ ಮಾಡಿದರು, ಕಾಲ ಸರಿದುಹೋಯಿತು, ದುಡ್ಡು ಸುರಿದಾಗಿದೆ ಎಂಬ ಕಾರಣಕ್ಕೆ ಅಕ್ರಮ ಕಟ್ಟಡ ಸಕ್ರಮವಾಗದು ಎಂದಿತು. ತಪ್ಪಿದ ಅಧಿಕಾರಿಗಳ ಮೇಲೆ ಕ್ರಮ ಜರುಗಿಸಬೇಕೆಂದೂ ಹೇಳಿತು. ಅದಕ್ಕೆ ಒಂದು ತಿಂಗಳ ಹಿಂದೆ, ನವೆಂಬರ್ 13ರ ಬುಲ್ಡೋಜರ್ ತೀರ್ಪಿನಲ್ಲಿ, ಕೆಡವುವ ಮುನ್ನ 15 ದಿನದ ನೋಟಿಸು ಕಡ್ಡಾಯ ಎಂದಿತ್ತು. ಎರಡನ್ನೂ ಸೇರಿಸಿ ಓದಿದರೆ ಚಿತ್ರ ಹೀಗೆ: ಕಟ್ಟಿದವರ ವಿರುದ್ಧ ಕಾಲ ಯಾವತ್ತೂ ಮುಗಿಯದು, ಆದರೆ ಅವರಿಗೆ ಉತ್ತರ ಹೇಳಲು ಸಮಯ ಸಿಗಬೇಕು. ಎರಡೂ ಸರಿ. ಕಟ್ಟುವವರನ್ನು ತಡೆಯದ ಕಚೇರಿಯ ವಿರುದ್ಧ ಸಾಮಾನ್ಯ ದೂರುದಾರರ ಕಾಲ ಏಕೆ ಇಷ್ಟು ಬೇಗ ಮುಗಿಯಬೇಕು ಎಂಬುದು ಈ ತೀರ್ಪುಗಳ ಮುಂದಿದ್ದ ಪ್ರಶ್ನೆಯಲ್ಲ, ಹಾಗಾಗಿ ಅದು ಇದ್ದಲ್ಲೇ ಇದೆ. ಕಾಲ ಅಕ್ರಮವನ್ನು ತೊಳೆಯುವುದಿಲ್ಲ ಎನ್ನುವುದಾದರೆ ಅಲಕ್ಷ್ಯವನ್ನು ಮಾತ್ರ ಆರೇ ತಿಂಗಳಲ್ಲಿ ತೊಳೆಯುವುದು ಹೇಗೆ?

ಕರ್ನಾಟಕದಲ್ಲಿ ಕೂತು ಇದನ್ನು ಮುಂಬಯಿಯ ರೋಗ ಎಂದುಕೊಳ್ಳುವ ಹಾಗಿಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 482ನೇ ಕಲಮಿನಲ್ಲೂ ಇದೇ ತರದ ಮುಂಗಡ ನೋಟಿಸು, ಇದೇ ಆರು ತಿಂಗಳು. ಲೋಕಾಯುಕ್ತಕ್ಕೆ ಕುಂದುಕೊರತೆ ಒಯ್ಯಲು ಮಹಾರಾಷ್ಟ್ರದಲ್ಲಿ ಒಂದು ವರ್ಷ ಇದ್ದರೆ, 1984ರ ಕರ್ನಾಟಕ ಕಾಯ್ದೆಯಲ್ಲಿ ವಿಷಯ ತಿಳಿದಾಗಿನಿಂದ ಆರು ತಿಂಗಳು. ಆರೋಪವಾದರೆ ಐದು ವರ್ಷ. ಕಟ್ಟಿದವರ ಕಡೆಗೆ ಮಾತ್ರ ಕರ್ನಾಟಕದ ಮನಸ್ಸು ದೊಡ್ಡದು: ಅಕ್ರಮ-ಸಕ್ರಮದಲ್ಲಿ 2013ರ ಅಕ್ಟೋಬರ್ 19ರವರೆಗಿನ ಉಲ್ಲಂಘನೆಗಳನ್ನು, ಮನೆಗಳಲ್ಲಿ ಶೇ 50ರವರೆಗೆ, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರವರೆಗೆ, ದಂಡ ಕಟ್ಟಿಸಿಕೊಂಡು ಮನ್ನಿಸಲು ಹೊರಟಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಾಗ, ಅನುಮತಿ ಕೊಟ್ಟವರು ಯಾರು, ನೋಡಬೇಕಾದವರು ಎಲ್ಲಿದ್ದರು ಎಂದು ಊರೆಲ್ಲ ಕೇಳಿತು. ಕುಸಿದ ಮೇಲೆ ಕೇಳುವುದಕ್ಕೆ ಕಾಲಮಿತಿ ಅಡ್ಡಬರುವುದಿಲ್ಲ. ನಿಂತಿರುವಾಗ ಕೇಳಿದರೆ ಬರುತ್ತದೆ.

ಚೆಂಬೂರಿಗೆ ಮರಳಿದರೆ, ಇಲ್ಲಿ ದಿನಾಂಕಗಳ ಆಟ ಇನ್ನೂ ಕೆಳಗಿನ ಮೆಟ್ಟಿಲಲ್ಲಿ ಬೇರೆಯೇ ಆಗುತ್ತದೆ. ರೈಲು ಹಳಿಯಿಂದ ಪೂರ್ವಕ್ಕೆ, ವಾಶಿ ನಾಕಾ, ಮಾಹುಲ್, ಗೋವಂಡಿಯ ಕಡೆ ಹೋದ ಹಾಗೆ ಮನೆಯ ಮುಖ್ಯ ದಾಖಲೆ ನಕ್ಷೆಯಲ್ಲ, ಇಸವಿ. 1995ರ ಜನವರಿ 1ಕ್ಕೂ ಮುಂಚಿನ ಗುಡಿಸಲಿಗೆ ರಕ್ಷಣೆ. ನಂತರ ಅದು 2000ದ ಜನವರಿ 1 ಆಯಿತು. ಆಮೇಲೆ 2011ರ ಜನವರಿ 1ರವರೆಗಿನವರಿಗೆ ದುಡ್ಡು ಕಟ್ಟಿದರೆ ಪುನರ್ವಸತಿ. ಚುನಾವಣೆ ಹತ್ತಿರವಾದಂತೆ ಗೆರೆ ಮುಂದೆ ಸರಿಯುತ್ತ ಬಂದಿದೆ. ಗೆರೆಯ ಈಚೆ ಇರುವವರು ಕಟ್ಟಡದ ಸುರಕ್ಷತೆಯ ಬಗ್ಗೆ ದೂರು ಕೊಡುವುದೆಂದರೆ ತಮ್ಮ ಮನೆಯ ವಿಳಾಸವನ್ನು ತಾವೇ ಬುಲ್ಡೋಜರಿಗೆ ಬರೆದುಕೊಟ್ಟಂತೆ. 2021ರ ಜುಲೈ 18ರ ಬೆಳಗಿನ ಜಾವ, ಬಿಡದೆ ಸುರಿದ ಮಳೆಗೆ, ವಾಶಿ ನಾಕಾದ ನ್ಯೂ ಭಾರತ್ ನಗರದಲ್ಲಿ ಗುಡ್ಡದ ಮೇಲಿನ ಆವರಣ ಗೋಡೆ ಕೆಳಗಿನ ಮನೆಗಳ ಮೇಲೆ ಬಿತ್ತು. ಹದಿನೈದಕ್ಕೂ ಹೆಚ್ಚು ಜನ ನಿದ್ದೆಯಲ್ಲೇ ಹೋದರು. ಗೋಡೆಯ ಕೆಳಗಿದ್ದವರಿಗೆ ಗೋಡೆಯ ಬಗ್ಗೆ ದೂರುವ ಹಕ್ಕು ಕಾಗದದಲ್ಲಿ ಎಲ್ಲರಂತೆಯೇ ಇತ್ತು.

ಯಾರ ಬಳಿ ದೂರಬೇಕು ಎಂಬುದು ಇನ್ನೊಂದು ಸುತ್ತು. 2024ರ ಮೇ 13ರಂದು ಛೇಡಾ ನಗರದ ಪೆಟ್ರೋಲ್ ಬಂಕಿನ ಮೇಲೆ 120 ಅಡಿ ಅಗಲ, 120 ಅಡಿ ಎತ್ತರದ ಜಾಹೀರಾತು ಫಲಕ ಗಾಳಿಗೆ ಬಿದ್ದು 17 ಜನ ಸತ್ತರು. ಪಾಲಿಕೆ ಒಪ್ಪುವ ಗರಿಷ್ಠ ಅಳತೆ 40ಕ್ಕೆ 40 ಅಡಿ. ಆದರೆ ಜಾಗ ರೈಲ್ವೆ ಪೊಲೀಸರದ್ದು, ಅನುಮತಿ ಅವರದ್ದು, ನಮ್ಮದಲ್ಲ ಎಂಬುದು ಪಾಲಿಕೆಯ ಮೊದಲ ಉತ್ತರ. ಹೆದ್ದಾರಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಕಾಣುತ್ತಿದ್ದ ವಸ್ತು ಅದು, ಗಾರೆಯೊಳಗೆ ಅಡಗಿದ್ದಲ್ಲ. ಎರಡು ಕಚೇರಿಗಳು ಚೆಂಡು ತಳ್ಳಾಡುವ ದಿನಗಳೂ ದೂರುದಾರರ ಖಾತೆಗೇ ಬೀಳುತ್ತವೆ. 2022ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಹಲವು ವರ್ಷ ಚುನಾವಣೆಯೇ ನಡೆಯದೆ, 'ಬನ್ನಿ, ಎಂಜಿನಿಯರನ್ನು ಕರೆಸುತ್ತೇನೆ' ಎನ್ನುವ ಕಾರ್ಪೊರೇಟರೂ ಇರಲಿಲ್ಲ. ಕಾರ್ಪೊರೇಟರುಗಳ ಬಗ್ಗೆ ಮುಂಬಯಿಗರಿಗೆ ಭ್ರಮೆಯೇನಿಲ್ಲ, ಆದರೂ ಕೂಗಿದರೆ ತಿರುಗಿ ನೋಡುವ ಒಂದು ಮುಖ ಅಲ್ಲಿರುತ್ತಿತ್ತು.

ಹಾಗಾದರೆ ಬದಲಾಗಬೇಕಾದದ್ದು ಏನು? ದೊಡ್ಡ ಹೊಸ ಕಾಯ್ದೆ ಬೇಕಿಲ್ಲ. ಕಟ್ಟಡದ ಬಲಕ್ಕೆ ಸಂಬಂಧಿಸಿದ ಲೋಪದಲ್ಲಿ 527ರ ಆರು ತಿಂಗಳನ್ನು ಹಾನಿ ಗೊತ್ತಾದ ಅಥವಾ ಗೊತ್ತಾಗಬಹುದಾಗಿದ್ದ ದಿನದಿಂದ ಎಣಿಸಲಿ, ಅವಧಿಯನ್ನೂ ಉಳಿದ ದಾವೆಗಳಂತೆ ಮೂರು ವರ್ಷ ಮಾಡಲಿ, ಹೊರಗಿನ ಗೆರೆಯಾಗಿ 15 ವರ್ಷವೋ 20 ವರ್ಷವೋ ಇರಲಿ. ದೂರು ವಾರ್ಡ್ ಆಫೀಸಿನಲ್ಲಿ ಕೂತಿರುವಷ್ಟು ದಿನ ದೂರುದಾರರ ಗಡಿಯಾರ ನಿಲ್ಲಬೇಕು. ಕಚೇರಿಯ ಆಲಸ್ಯದ ಬಾಡಿಗೆಯನ್ನು ಅವರು ಕಟ್ಟಬಾರದು. ಕಂಬ, ತೊಲೆ, ಚಪ್ಪಡಿಯ ಬಗ್ಗೆ ಬಂದ ದೂರನ್ನು 'ಕಂಡುಬಂದಿಲ್ಲ' ಎಂದು ಮುಗಿಸುವ ಮೊದಲು ಒಂದು ಕಡೆಯಾದರೂ ಪ್ಲೈವುಡ್ ಬಿಚ್ಚಿ ನೋಡಿದ ಫೋಟೋ, ನೋಡಿದವರ ಹೆಸರು, ತಾರೀಕು ಕಡತದಲ್ಲಿರಬೇಕು. ಮತ್ತು 345ರಲ್ಲಿ ಬಿಲ್ಡರಿಗೆ ಕೊಟ್ಟ 30 ದಿನವನ್ನು ದೂರುದಾರರಿಗೂ ಕೊಡಬೇಕು: 30 ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ, ಉತ್ತರ ಬರುವವರೆಗೆ ಆ ಜಾಗದ ಕೆಲಸ ನಿಂತಿದೆ ಎಂದೇ ಅರ್ಥ. ಈ ಕೊನೆಯದಕ್ಕೆ ಹೋಟೆಲಿನವರು ಮೊದಲು ಹೆದರುತ್ತಾರೆ, ದಂಧೆಯ ದೂರುದಾರರಿಗೆ ಇದು ಹಬ್ಬ ಎನ್ನುತ್ತಾರೆ. ಅವರ ಭಯ ನಿಜ. ಅದಕ್ಕೇ ಇದನ್ನು ಬಲದ ದೂರುಗಳಿಗೆ ಮಾತ್ರ ಇಡಬೇಕು, ಅದೇ ಕಟ್ಟಡದಲ್ಲಿ ಅಥವಾ ಅದಕ್ಕೆ ತಾಗಿ ವಾಸಿಸುವವರು ಸ್ವಂತ ಹೆಸರಿನಲ್ಲಿ ಕೊಟ್ಟಿದ್ದರೆ ಮಾತ್ರ. ಅಟ್ಟ, ತಗಡು, ಮೆಟ್ಟಿಲುಗಳ ದೂರಿಗೆ ಈಗಿರುವ ಮಿತಿಯೇ ಸಾಕು; ಬೇಕಿದ್ದರೆ ಇನ್ನೂ ಕಡಿಮೆ ಮಾಡಲಿ.

ಪಾಲಿಕೆಯ ಖಜಾನೆಗೆ ಇದು ಹೊರೆ ಎಂಬ ಮಾತು ಬರುತ್ತದೆ. ಮರ್ಫಿ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರಿಗೂ ಇಂಥದೇ ಚಿಂತೆ ಇತ್ತು: ತಪ್ಪಾಗಿ ಕಟ್ಟಿದ್ದು ಬಿಲ್ಡರು, ತೆರಿಗೆದಾರರೇಕೆ ತೆರಬೇಕು? ತೂಕವಿರುವ ವಾದವೇ. ಆದರೆ ದೂರುದಾರರು ಹೆಚ್ಚಿನ ಸಲ ಕೇಳುವುದು ದುಡ್ಡಲ್ಲ. ಬಂದು ನೋಡಿ, ನೋಡಿದ್ದನ್ನು ಬರೆಯಿರಿ ಎಂದು ಕೇಳುತ್ತಾರೆ. ನೋಡಿ ಬರೆದ ಪಾಲಿಕೆಯ ಮೇಲೆ ದಾವೆ ಹೂಡುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಈ ನಡುವೆ ಚೆಂಬೂರೇ ಬದಲಾಗುತ್ತಿದೆ. ತಿಲಕ್ ನಗರದಲ್ಲಿ ಮ್ಹಾಡಾದ ಹಳೇ ಕಟ್ಟಡಗಳು ಒಂದೊಂದಾಗಿ ಗೋಪುರಗಳಾದವು. ಸ್ಟೇಷನ್ನಿನ ಸುತ್ತಲಿನ ಸೊಸೈಟಿಗಳೂ ಅದೇ ದಾರಿ ಹಿಡಿದಿವೆ. ಕಾಲು ಶತಮಾನ, ಅರ್ಧ ಶತಮಾನ ಒಂದೇ ಕಟ್ಟಡದಲ್ಲಿ ಕಳೆದ ಕನ್ನಡ, ತುಳು, ಕೊಂಕಣಿ, ತಮಿಳು, ಸಿಂಧಿ ಮನೆಯವರು ಎರಡು ಮೂರು ವರ್ಷ ಬಾಡಿಗೆ ಮನೆಯಲ್ಲಿದ್ದು 14ನೇ ಮಹಡಿಗೆ ಹಿಂತಿರುಗುತ್ತಿದ್ದಾರೆ. ಅಡುಗೆಮನೆ ದೊಡ್ಡದಾಗಿದೆ, ಲಿಫ್ಟ್ ಇದೆ, ಗೇಟಿನಲ್ಲಿ ಸಮವಸ್ತ್ರದ ಕಾವಲುಗಾರನಿದ್ದಾನೆ. ರೇರಾ ಕಾಯ್ದೆಯ 14ನೇ ಕಲಮಿನಡಿ ಹೊಸ ಖರೀದಿದಾರರಿಗೆ ಕಟ್ಟಡದ ರಚನಾ ದೋಷ ತೋರಿಸಿ ಬಿಲ್ಡರಿಂದ ರಿಪೇರಿ ಮಾಡಿಸಿಕೊಳ್ಳಲು ಸ್ವಾಧೀನ ಸಿಕ್ಕ ದಿನದಿಂದ ಐದು ವರ್ಷ ಇದೆ. ಹಳೆಯ ಸದಸ್ಯರ ಹಕ್ಕು ಹೆಚ್ಚಾಗಿ ಡೆವಲಪ್‌ಮೆಂಟ್ ಅಗ್ರಿಮೆಂಟಿನಲ್ಲಿ ಏನು ಬರೆದಿದೆ ಎಂಬುದನ್ನೇ ನಂಬಿಕೊಂಡಿರುತ್ತದೆ. ಸಹಿ ಹಾಕುವ ಮುನ್ನ ಎಲ್ಲರೂ ಕೇಳುವುದು ಕಾರ್ಪೆಟ್ ಏರಿಯಾ ಎಷ್ಟು, ಕಾರ್ಪಸ್ ಎಷ್ಟು ಎಂದು. ದೋಷದ ಹೊಣೆ ಎಷ್ಟು ವರ್ಷ, ಎಲ್ಲಿಂದ ಎಣಿಕೆ ಎಂದು ಕೇಳುವವರು ಕಡಿಮೆ. ಚೆಂಬೂರು ಕರ್ನಾಟಕ ಸಂಘದಂಥ ಸಂಸ್ಥೆಗಳು ಒಂದು ಭಾನುವಾರ ಸಂಜೆಯನ್ನು ಸನ್ಮಾನದ ಬದಲು ಈ ಅಗ್ರಿಮೆಂಟು ಓದುವುದಕ್ಕೆ ಮೀಸಲಿಟ್ಟರೆ ಸಭಾಂಗಣ ತುಂಬಬಹುದು.

ಪಾಲಿಕೆ ಕಾಯ್ದೆಯ 353ಬಿ ಪ್ರಕಾರ ಕಟ್ಟಡದ ಬಲವನ್ನು ಎಂಜಿನಿಯರಿಂದ ಕಡ್ಡಾಯವಾಗಿ ಪರೀಕ್ಷೆ ಮಾಡಿಸಬೇಕಾದದ್ದು 30 ವರ್ಷ ತುಂಬಿದ ಮೇಲೆ. 2020ರಲ್ಲಿ ಜನ ಒಳಗೆ ಹೋದ ಗೋಪುರದ ಐದು ವರ್ಷ 2025ರಲ್ಲಿ ಮುಗಿಯಿತು. ಮೊದಲ ಕಡ್ಡಾಯ ಪರೀಕ್ಷೆ 2050ಕ್ಕೆ. ನಡುವಿನ 25 ವರ್ಷದಲ್ಲಿ ಯಾವುದೋ ಮಹಡಿಯಲ್ಲಿ ಯಾರೋ ರಾತ್ರಿ ಹೊತ್ತು ಗೋಡೆ ಒಡೆಸಿದರೆ, ಸದ್ದು ಕೇಳಿದವರು ಮರುದಿನವೇ ದೂರು ಬರೆದು, ನಂಬರು ತೆಗೆದುಕೊಂಡು, ಕ್ಯಾಲೆಂಡರಿನಲ್ಲಿ ಆರು ತಿಂಗಳಾಚೆಗಿನ ತಾರೀಕಿಗೆ ಒಂದು ಗುರುತು ಹಾಕಿಟ್ಟುಕೊಳ್ಳಬೇಕು.